ಪರದೇಶಿಗಳು ಕಟ್ಟಿದ ವಿದ್ಯಾಶಾಲೆಯಿಂದ ಒಂದು ಪತ್ರ

ಬೊಲೊನ್ಯಾ, ಇಟಲಿ, ಫೆಬ್ರವರಿ

ಪ್ರೀತಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಒಂದು ಸೆಮಿಸ್ಟರ್‌ಗೋಸ್ಕರ ಅಷ್ಟು ದೂರ ಹೋಗಿ, ಪರದೇಶಿ ಥರ ಇದ್ದು ಬರೋದರಲ್ಲಿ ಏನಿದೆಯೋ?" ಅಂದೆ. ನಾನು ಪರೀಕ್ಷೆಯ ತಲೆಬಿಸಿಯಲ್ಲಿದ್ದೆ, ಏನೋ ಒಂದು ಹೇಳಿ ಫೋನಿಟ್ಟೆ. ಆದರೆ ಆ ಮಾತು ಇನ್ನೂ ಕಿವಿಯಲ್ಲೇ ಇದೆ. ಪರದೇಶಿ ಅಂದರೆ ಬೇರೆ ದೇಶದವನು. ಹೇಳೋರು ಕೇಳೋರು ಯಾರೂ ಇಲ್ಲದವನು ಅಂತಲೂ ಹೌದು. ಇಲ್ಲಿಗೆ ಬಂದ ಹೊಸದರಲ್ಲಿ ನಾನು ಎರಡೂ ಆಗಿದ್ದೆ.

ಮೊದಲು ಕಷ್ಟದ್ದೇ ಹೇಳಿಬಿಡುತ್ತೇನೆ. ಸುಮಾರು 4 ಲಕ್ಷ ಜನರ ಊರಿದು. ವಿಶ್ವವಿದ್ಯಾಲಯದ ಎಲ್ಲ ಕ್ಯಾಂಪಸ್ ಸೇರಿದರೆ ವಿದ್ಯಾರ್ಥಿಗಳೇ 80 ಸಾವಿರಕ್ಕೂ ಹೆಚ್ಚು. ಸೆಪ್ಟೆಂಬರ್ ಬಂತೆಂದರೆ ಎಲ್ಲರೂ ಒಟ್ಟಿಗೇ ಕೋಣೆ ಹುಡುಕಲು ಹೊರಡುತ್ತಾರೆ. ಫೋಟೋ ನೋಡಿ ನಾನು ಮುಂಗಡ ಕಳಿಸಿದ್ದ ಮನೆಯವರು ನಾನು ಬಂದಿಳಿದ ದಿನ ಫೋನೇ ಎತ್ತಲಿಲ್ಲ. ಆ ದುಡ್ಡು ಹೋಯಿತು. ಹತ್ತೊಂಬತ್ತು ದಿನ ಡಾರ್ಮಿಟರಿಯ ಮೇಲಿನ ಮಂಚದಲ್ಲಿ, ಪೆಟ್ಟಿಗೆಯನ್ನು ಕಾಲ ಕೆಳಗಿಟ್ಟುಕೊಂಡು ಮಲಗಿದೆ. ಅದರ ನಡುವೆಯೇ ವಾಸದ ಪರವಾನಗಿಯ ಓಡಾಟ. ದೇಶಕ್ಕೆ ಕಾಲಿಟ್ಟ 8 ಕೆಲಸದ ದಿನಗಳೊಳಗೆ ಅರ್ಜಿ ಹಾಕಬೇಕು, ಅದೂ ಅಂಚೆ ಕಚೇರಿಯಲ್ಲಿ, 16 ಯೂರೋದ ಸ್ಟಾಂಪ್ ಅಂಟಿಸಿ. ಒಂದು ಸಂಜೆ ಮನೆ ನೋಡಲು ಹೋಗಿ, ಅದೂ ಕೈತಪ್ಪಿ, ವಾಪಸು ಬರುವಾಗ ಜೋರು ಮಳೆ. ಸ್ತ್ರಾದಾ ಮಜ್ಜೋರೆ ಅನ್ನುವ ರಸ್ತೆಯಲ್ಲಿ ಒಂದು ಹಳೆಯ ಮನೆಯ ಕೆಳಗೆ ನಿಂತುಕೊಂಡೆ. ಎತ್ತರದ ಮರದ ಕಂಬಗಳು, ಕಪ್ಪಗಾಗಿ ಉದ್ದುದ್ದ ಸೀಳು ಬಿಟ್ಟಿದ್ದವು. ಒಂದು ಸೀಳಿನೊಳಗೆ ನನ್ನ ಬೆರಳು ಪೂರ್ತಿ ಹೋಯಿತು. ಆಮೇಲೆ ಗೊತ್ತಾಯಿತು, ಅದು ಕಾಸಾ ಇಸೊಲಾನಿ, 13ನೇ ಶತಮಾನದ ಮನೆ.

ಈ ಊರಿನ ರಸ್ತೆಗಳೆಲ್ಲ ಹೀಗೇ ಕಣೋ. ಮನೆಯ ಮೇಲಂತಸ್ತು ಬೀದಿಯ ಮೇಲಕ್ಕೆ ಚಾಚಿಕೊಂಡಿರುತ್ತದೆ, ಅದರ ಕೆಳಗೆ ಕಂಬ, ಕಮಾನು, ನಡೆದಾಡಲು ದಾರಿ. ಪೋರ್ತಿಕೊ ಅನ್ನುತ್ತಾರೆ. ಊರಲ್ಲೆಲ್ಲ ಸೇರಿ ಸುಮಾರು 62 ಕಿಲೋಮೀಟರ್. ಅವುಗಳಲ್ಲಿ ಕೆಲವು 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಈ ಪೋರ್ತಿಕೊಗಳು ಹೇಗೆ ಬಂದವು ಗೊತ್ತಾ? ದೂರದೂರುಗಳಿಂದ ಓದಲು ಬಂದ ಹುಡುಗರಿಗೂ ಕೆಲಸ ಹುಡುಕಿ ಬಂದವರಿಗೂ ಇರಲು ಜಾಗ ಸಾಲದೆ, ಜನ ತಮ್ಮ ಮನೆಯ ಮೇಲ್ಭಾಗವನ್ನು ಬೀದಿಯ ಕಡೆ ಬೆಳೆಸಿಕೊಂಡರಂತೆ. ಊರಿನ ಆಡಳಿತ ಅದನ್ನು ಕೆಡವಿಸುವ ಬದಲು, ಹೊಸ ಮನೆಗಳಿಗೆಲ್ಲ ಪೋರ್ತಿಕೊ ಇರಲೇಬೇಕು ಅಂತ 1288ರಲ್ಲಿ ಕಟ್ಟಳೆ ಮಾಡಿತು. ಇದನ್ನು ಕೇಳಿದ ದಿನ ನನ್ನ ಮನಸ್ಸು ಎಷ್ಟೋ ಹಗುರವಾಯಿತು. ನನಗೆ ಸಿಗದ ಕೋಣೆ ಏಳೆಂಟು ನೂರು ವರ್ಷದ ಹಿಂದೆ ಬಂದವನಿಗೂ ಸಿಕ್ಕಿರಲಿಲ್ಲ. ಅವನಿಗಾಗಿ ಚಾಚಿಕೊಂಡ ಮಾಡಿನ ಕೆಳಗೆ ನಾನು ಮಳೆಗೆ ನಿಂತಿದ್ದೆ.

ಇನ್ನೊಂದು ವಿಷಯ ಕೇಳು. ಈ ವಿಶ್ವವಿದ್ಯಾಲಯ ಶುರುವಾದದ್ದು 1088ರಲ್ಲಿ ಅನ್ನುತ್ತಾರೆ. ಅದು 19ನೇ ಶತಮಾನದ ವಿದ್ವಾಂಸರು ಗೊತ್ತು ಮಾಡಿದ ಇಸವಿ. ಆದರೆ ಶುರು ಮಾಡಿದ್ದು ಯಾವ ರಾಜನೂ ಅಲ್ಲ, ಪೋಪನೂ ಅಲ್ಲ. ಕಾನೂನು ಓದಲು ಬಂದಿದ್ದ ಹೊರಗಿನ ಹುಡುಗರಿಗೆ ಇಲ್ಲಿ ಊರಿನವರ ಹಕ್ಕು ಯಾವುದೂ ಇರಲಿಲ್ಲ. ತಮ್ಮ ಊರಿನವನೊಬ್ಬ ಸಾಲ ಮಾಡಿ ಓಡಿಹೋದರೆ ಇವರನ್ನು ಹಿಡಿದು ವಸೂಲಿ ಮಾಡುತ್ತಿದ್ದರು. ಹಾಗಾಗಿ ತಂತಮ್ಮ ನಾಡಿನ ಲೆಕ್ಕದಲ್ಲಿ ಗುಂಪು ಕಟ್ಟಿಕೊಂಡರು. ಆ ಗುಂಪಿಗೆ ಇಟ್ಟ ಹೆಸರೇ ಉನಿವೆರ್ಸಿತಾಸ್. ಮೇಷ್ಟರನ್ನು ಗೊತ್ತು ಮಾಡುವುದೂ ಅವರೇ, ಸಂಬಳ ಕೊಡುವುದೂ ಅವರೇ, ಪಾಠಕ್ಕೆ ತಡವಾಗಿ ಬಂದರೆ ದಂಡ ಹಾಕುವುದೂ ಅವರೇ! ಪರದೇಶಿಗಳೆಲ್ಲ ಸೇರಿ ಕಟ್ಟಿದ್ದು ಕಣೋ ಇದು. ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆ ಅಂತ ಮುಂದೆ ಹೇಳಿದ ಕೋಪರ್ನಿಕಸ್ 1496ರಲ್ಲಿ ಇಲ್ಲಿಗೆ ಕಾನೂನು ಓದಲು ಬಂದಾಗ ಅವನ ಹೆಸರು ಸೇರಿದ್ದು ಜರ್ಮನರ ಗುಂಪಿನಲ್ಲಿ. ಉಳಿದುಕೊಂಡದ್ದು ದೊಮೆನಿಕೊ ಮರಿಯಾ ನೊವಾರಾ ಅನ್ನುವ ಖಗೋಳದ ಮೇಷ್ಟರ ಮನೆಯಲ್ಲಿ. ಅವನಿಗೂ ಒಂದು ಕೋಣೆ ಬೇಕಾಗಿತ್ತು, ಆ ಕೋಣೆ ಅವನನ್ನು ಎಲ್ಲಿಗೆ ತಂದು ನಿಲ್ಲಿಸಿತು ನೋಡು.

ಪಾಠಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅವು ಎಲ್ಲಿಯಾದರೂ ಪಾಠಗಳೇ. ಪರೀಕ್ಷೆಯ ಬಗ್ಗೆ ಮಾತ್ರ ಹೇಳಲೇಬೇಕು. ಇಲ್ಲಿ ಬಹಳಷ್ಟು ಪರೀಕ್ಷೆಗಳು ಬಾಯಿಮಾತಿನವು. ಪ್ರೊಫೆಸರ ಎದುರು ಕುರ್ಚಿ ಹಾಕಿಕೊಂಡು ಕೂರಬೇಕು, ಹಿಂದಿನ ಬೆಂಚುಗಳಲ್ಲಿ ಉಳಿದವರು ಕೂತು ಕೇಳುತ್ತಿರುತ್ತಾರೆ. ಅಂಕ 30ಕ್ಕೆ, 18 ಬಂದರೆ ಪಾಸು. ಬಂದ ಅಂಕ ಬೇಡ ಅನ್ನಿಸಿದರೆ ಬಿಟ್ಟು, ಮತ್ತೆ ಬಂದು ಕೂರಬಹುದು.

ಜನವರಿಯಲ್ಲಿ ನನ್ನ ಖಗೋಳಶಾಸ್ತ್ರದ ಇತಿಹಾಸದ ಪರೀಕ್ಷೆ. ಸಾನ್ ಪೆತ್ರೋನಿಯೊ ಚರ್ಚಿನ ನೆಲದ ಮೇಲೆ 1655ರಲ್ಲಿ ಕಾಸ್ಸೀನಿ ಅನ್ನುವ ಖಗೋಳಜ್ಞ ಹಾಕಿಸಿದ ಗೆರೆಯ ಬಗ್ಗೆ ಕೇಳಿದರು. ನಾನು ಗಡಗಡ ಹೇಳಿದೆ: ಉದ್ದ 66.8 ಮೀಟರ್, ಭೂಮಿಯ ಸುತ್ತಳತೆಯ 6 ಲಕ್ಷದಲ್ಲಿ ಒಂದು ಪಾಲು, ಚಾವಣಿಯ ಸಣ್ಣ ತೂತು ಸುಮಾರು 27 ಮೀಟರ್ ಎತ್ತರದಲ್ಲಿದೆ, ಅದರಿಂದ ಬೀಳುವ ಸೂರ್ಯನ ಬಿಂಬ ನಡು ಮಧ್ಯಾಹ್ನ ಗೆರೆಯನ್ನು ದಾಟುತ್ತದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ಈಗ ಈ ತಿಂಗಳು ಬಿಂಬ ಎಲ್ಲಿ ಬೀಳುತ್ತಿದೆ?" ಅಂದರು. ನನಗೆ ಗೊತ್ತಿರಲಿಲ್ಲ. ನಾಲ್ಕು ತಿಂಗಳಿಂದ ದಿನಾ ಆ ಚರ್ಚಿನ ಮುಂದೆಯೇ ಓಡಾಡುತ್ತಿದ್ದೆ, ಒಂದು ದಿನವೂ ಮಧ್ಯಾಹ್ನ ಒಳಗೆ ಹೋಗಿ ನಿಂತಿರಲಿಲ್ಲ. 24 ಕೊಡುತ್ತೇನೆ, ಒಪ್ಪಿಗೆಯೇ ಅಂತ ಕೇಳಿದರು. ಬೇಡ ಸರ್, ಮತ್ತೆ ಬರುತ್ತೇನೆ ಅಂದೆ. ಅವರು ನಕ್ಕು, ಸರಿ ಅಂದರು. ಆ ನಗುವಿನಲ್ಲಿ ಪ್ರೀತಿಯಿತ್ತು.

ಆಮೇಲೆ ಮಧ್ಯಾಹ್ನ ಆ ಚರ್ಚಿಗೆ ಮೊದಲ ಮೂರು ದಿನ ಹೋದರೆ ಬರೀ ಮಂಜು. ಇಲ್ಲಿನ ಚಳಿಗಾಲ ಹಾಗೇ, ಊರೇ ಬೂದಿ ಬಳಿದುಕೊಂಡಂತೆ ಇರುತ್ತದೆ. ನಾಲ್ಕನೆಯ ದಿನ ಬಿಸಿಲು ಬಂತು. ಕೈ ಜೇಬಿನಲ್ಲಿಟ್ಟುಕೊಂಡು ಗೆರೆಯ ಪಕ್ಕ ನಿಂತೆ. ಗಡಿಯಾರದಲ್ಲಿ 12 ದಾಟಿ ಇಪ್ಪತ್ತು ನಿಮಿಷ ಆಗಿತ್ತು. ಗೆರೆಯ ಕೊನೆಗೆ ಹತ್ತಿರ, ಪಶ್ಚಿಮದ ಕಡೆ, ಮಸುಕಾದ ಒಂದು ಬೆಳಕು. ಗುಂಡಗಿರಲಿಲ್ಲ, ಮೊಟ್ಟೆಯ ಹಾಗೆ ಉದ್ದಕ್ಕೆ ಎಳೆದಂತಿತ್ತು, ಒಂದೂವರೆ ಮೀಟರಿನಷ್ಟು. ಚಳಿಗಾಲದ ಸೂರ್ಯ ಕೆಳಗಿರುತ್ತಾನಲ್ಲ, ಅದಕ್ಕೆ. ಅಂಚು ಸಣ್ಣಗೆ ನಡುಗುತ್ತಿತ್ತು. ಅದು ಸರಿಯುವುದು ಬರಿಗಣ್ಣಿಗೇ ಕಾಣುತ್ತಿತ್ತು, ಗೆಳೆಯಾ! ಅಮೃತಶಿಲೆಯ ಒಂದೊಂದೇ ಚುಕ್ಕೆಯನ್ನು ನುಂಗಿಕೊಂಡು ಬಂದು ಗೆರೆ ಮುಟ್ಟಿತು. ಪೂರ್ತಿ ದಾಟಲು ಎರಡು ನಿಮಿಷಕ್ಕಿಂತ ಚೂರು ಹೆಚ್ಚು ಹಿಡಿಯಿತು. ಆ ಎರಡು ನಿಮಿಷ ನಾನು ಉಸಿರು ಬಿಟ್ಟೆನೋ ಇಲ್ಲವೋ ಗೊತ್ತಿಲ್ಲ. ಇಲ್ಲೇ ನಿಂತು ಕಾಸ್ಸೀನಿ ಈ ಬಿಂಬದ ಅಗಲ ಅಳೆದ, ವರ್ಷದ ಉದ್ದಕ್ಕೂ ಅದು ಎಷ್ಟು ಬದಲಾಗುತ್ತದೆ ಅಂತ ನೋಡಿ ಗ್ರಹಗಳ ಚಲನೆಯ ಬಗ್ಗೆ ಕೆಪ್ಲರ್ ಅನ್ನುವ ಖಗೋಳಜ್ಞ ಹಾಕಿದ್ದ ಲೆಕ್ಕ ಸರಿ ಅಂತ ಕಂಡುಕೊಂಡ. ಪುಸ್ತಕದಲ್ಲಿ ಇದೇ ವಾಕ್ಯವನ್ನು ಹತ್ತು ಸಲ ಓದಿದ್ದೆ.

ಫೆಬ್ರವರಿಯಲ್ಲಿ ಮತ್ತೆ ಕೂತೆ. ಅವರು ಅದೇ ಪ್ರಶ್ನೆ ಕೇಳಿದರು. ಈ ಸಲ 29. ಆದರೆ ನಿನಗೆ ಹೇಳಬೇಕೆಂದಿದ್ದದ್ದು ಅಂಕದ ಮಾತಲ್ಲ, ಆ ಮೊಟ್ಟೆಯಾಕಾರದ ಬೆಳಕಿನದು.

ನೀನು ಅರ್ಜಿ ಹಾಕುವುದಾದರೆ ಒಂದೆರಡು ವಿಷಯ ನೆನಪಿಟ್ಟುಕೋ. ಯಾವ ಯಾವ ಕೋರ್ಸಿನ ಕ್ರೆಡಿಟ್ ನಿನ್ನ ಕಾಲೇಜಿನಲ್ಲಿ ಲೆಕ್ಕಕ್ಕೆ ಬರುತ್ತದೆ ಅಂತ ಹೊರಡುವ ಮೊದಲೇ ಬರಹದಲ್ಲಿ ಸಹಿ ಹಾಕಿಸಿಕೋ. ಬಂದಮೇಲೆ ನೋಡಿಕೊಳ್ಳೋಣ ಅಂತ ಬಿಡಬೇಡ. ಒಂದು ಸೆಮಿಸ್ಟರಿಗೆ ಯುರೋಪಿನ ಲೆಕ್ಕದಲ್ಲಿ 30 ಕ್ರೆಡಿಟ್. ಕಣ್ಣಾರೆ ನೋಡದ ಮನೆಗೆ ಒಂದು ಯೂರೋ ಕೂಡ ಕಳಿಸಬೇಡ. ಇಟಾಲಿಯನ್ ಭಾಷೆ ಈಗಿನಿಂದಲೇ ಸ್ವಲ್ಪ ಕಲಿ, ಅಂಗಡಿಯವರಿಗೆ ಒಂದು ನಮಸ್ಕಾರ ಹೇಳುವಷ್ಟಾದರೂ. ನಾನು ಕಲಿಯದೆ ಬಂದು ಮೊದಲ ತಿಂಗಳೆಲ್ಲ ಬಾಯಿ ಮುಚ್ಚಿಕೊಂಡೇ ಇದ್ದೆ, ಅದರ ಬೇಸರ ಇನ್ನೂ ಇದೆ.

ಈ ತಿಂಗಳ ಕೊನೆಗೆ ನನ್ನ ಕೋಣೆ ಖಾಲಿ ಮಾಡುತ್ತೇನೆ. ಸಣ್ಣದು, ಕಿಟಕಿ ಒಂದೇ, ಆದರೆ ನಿಜವಾದದ್ದು, ಮನೆಯೊಡತಿಯೂ ಒಳ್ಳೆಯವರು. ಸೆಪ್ಟೆಂಬರಿಗೆ ನಿನ್ನ ಹೆಸರು ಹೇಳಿಡಲಾ ಅಂತ ಅವರನ್ನು ಕೇಳಿದ್ದೇನೆ. ಈ ತಿಂಗಳು 20ರೊಳಗೆ ಹೇಳಿದರೆ ಸಾಕು ಅಂದಿದ್ದಾರೆ. ಬೇಗ ಬರೆ.

ನಿನ್ನ
ಗೆಳೆಯ