ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ನೋವಿಗೂ ಒಂದು ಒಪಿಡಿ ಕೊಡಿ

ಮಾನ್ಯ ಸಚಿವರೇ, ನಮಸ್ಕಾರ.

ನಾಲ್ಕು ವರ್ಷ ಸುಮ್ಮನಿದ್ದೆ. ಹೋದ ವಾರ ಅವ್ವನ ರಕ್ತ ಪರೀಕ್ಷೆಯ ರಿಪೋರ್ಟ್ ಕೈಗೆ ಬಂತು. ಇನ್ನು ಸುಮ್ಮನಿರಲು ಆಗುತ್ತಿಲ್ಲ.

ನಮ್ಮದು ಬ್ಯಾಡಗಿ ಕಡೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಯಲ್ಲೇ ಅವ್ವ ನಮ್ಮನ್ನು ಸಾಕಿದಳು. ಕೈ ಉರಿಗೆ ಎಂದೂ ಹೆದರಿದವಳಲ್ಲ. ನಾಲ್ಕು ವರ್ಷದ ಹಿಂದೆ ಎಡಪಕ್ಕೆಗೆ ಸರ್ಪಸುತ್ತು ಎದ್ದಿತು. ಗುಳ್ಳೆ ಒಣಗಿದವು, ಉರಿ ಹೋಗಲಿಲ್ಲ. ಫ್ಯಾನಿನ ಗಾಳಿಯೂ ತಡೆಯಲ್ಲ. ರಾತ್ರಿ ಬಲಕ್ಕೆ ಹೊರಳಿ, ಸೆರಗನ್ನು ಕೈಯಲ್ಲಿ ಎತ್ತಿ ಹಿಡಿದು ಮಲಗುತ್ತಾಳೆ. ನಿದ್ದೆ ಹತ್ತಿದರೆ ಕೈ ಜಾರುತ್ತದೆ. ಬಟ್ಟೆ ತಾಗಿದ್ದೇ ಚೀರಿ ಏಳುತ್ತಾಳೆ.

ಒಂದು ಆಸ್ಪತ್ರೆಯಲ್ಲಿ ಡಾಕ್ಟರು ಪಕ್ಕೆ ನೋಡಿ, "ಎಲ್ಲಾ ಮಾಯ್ದೈತಲ್ಲ ಅಜ್ಜಿ, ನಾಟಕ ಯಾಕ ಮಾಡ್ತಿ?" ಅಂದರು. ಸಾಲಿನಲ್ಲಿದ್ದವರು ನಕ್ಕರು. ಅವತ್ತಿನಿಂದ ಅವ್ವ ನೋವು ಅಂತ ಬಾಯಿ ಬಿಡುವುದಿಲ್ಲ. ಅವರು ಬರೆದ ಡೈಕ್ಲೋಫೆನಾಕ್ ಎಂಬ ನೋವು, ಊತ ಇಳಿಸುವ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದಳು. ಈಗ ಕ್ರಿಯಾಟಿನಿನ್ ಏರಿದೆ. ಅಂದರೆ ಕಿಡ್ನಿಗೆ ಪೆಟ್ಟು ಬಿದ್ದಿದೆ.

ಇದು ನರದ ನೋವು. ವೈರಸ್ ನರವನ್ನೇ ಕೆಡಿಸಿರುತ್ತದೆ. ಊತ ಇಳಿಸುವ ಗುಳಿಗೆಯಿಂದ ಇದು ಅಷ್ಟಾಗಿ ತಗ್ಗುವುದಿಲ್ಲ, ಬೇರೆ ಔಷಧಿ ಬೇಕು. ಮೂರು ತಿಂಗಳು ದಾಟಿದ ನೋವು ತಾನೇ ಒಂದು ಕಾಯಿಲೆ ಆಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಒಪ್ಪಿದೆ. 2022ರಿಂದ ಅದು ಜಾರಿಯಲ್ಲಿದೆ. ಇದೆಲ್ಲ ನಿಮಗೆ ಗೊತ್ತಿರುವುದೇ ಅಲ್ವಾ? ಹಾಗಾದರೆ ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ನೋವಿಗೊಂದು ಒಪಿಡಿ ತೆರೆಯಿರಿ.

ಮೆಣಸಿನಕಾಯಿಯ ಖಾರ ನರಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಆ ಖಾರದ ಅಂಶವಿರುವ ಪಟ್ಟಿಯನ್ನು ಹೊರದೇಶಗಳಲ್ಲಿ ಸರ್ಪಸುತ್ತಿನ ನೋವಿಗೇ ಅಂಟಿಸುತ್ತಾರೆ. ಮೆಣಸಿನಕಾಯಿಯಲ್ಲೇ ಆಯುಷ್ಯ ಸವೆಸಿದ ನಮ್ಮವ್ವನಿಗೆ ಆ ಪಟ್ಟಿಯ ಹೆಸರನ್ನೂ ಯಾರೂ ಹೇಳಲಿಲ್ಲ. 2025ರ ಜನವರಿಯಲ್ಲಿ ಅಮೆರಿಕ ಸುಜೆಟ್ರಿಜಿನ್ ಎಂಬ ಹೊಸ ಗುಳಿಗೆಗೆ ಒಪ್ಪಿಗೆ ಕೊಟ್ಟಿತು. ಅದು ಅಫೀಮಿನ ಜಾತಿಯದ್ದಲ್ಲ. ನೋವನ್ನು ಮಿದುಳಿಗೆ ಒಯ್ಯುವ ನರದಲ್ಲೇ ಸುದ್ದಿಯನ್ನು ತಡೆಯುತ್ತದೆ. ಆದರೆ ಒಪ್ಪಿಗೆ ಸಿಕ್ಕಿದ್ದು ಆಪರೇಷನ್ ನಂತರದಂಥ ಹೊಸ ನೋವಿಗೆ ಮಾತ್ರ. ವರ್ಷಗಟ್ಟಲೆ ಉರಿಯುವ ನೋವಿಗೆ ಇನ್ನೂ ಹುಡುಕಬೇಕು. ನಮ್ಮ ಸರ್ಕಾರಿ ಮೆಡಿಕಲ್ ಕಾಲೇಜುಗಳೂ ಹುಡುಕಲಿ. ಅದಕ್ಕೆಂದೇ ಬಜೆಟ್‌ನಲ್ಲಿ ದುಡ್ಡು ಇಡಿ.

ಮತ್ತೆ ಕೇಳುತ್ತೇನೆ. ಜಿಲ್ಲಾಸ್ಪತ್ರೆಯಲ್ಲಿ ನೋವಿಗೊಂದು ಒಪಿಡಿ ಕೊಡಿ. ವಾರಕ್ಕೆ ಒಂದೇ ದಿನವಾದರೂ ಸರಿ. ಅಲ್ಲಿ ಕೂತ ಡಾಕ್ಟರು, "ಎಲ್ಲಿ ಉರೀತದ ಅವ್ವಾ?" ಅಂತ ಕೇಳಲಿ.

ಇಂತಿ,
ಹಾವೇರಿ ಜಿಲ್ಲೆಯ ಒಬ್ಬ ಮಗ