ನಲವತ್ತೈದರವರೆಗೆ ಕಾಯಬೇಡ

ಪ್ರೀತಿಯ ಮಗಳೇ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಎರಡು ಸಲ ಓದಿದೆ. ಅತ್ತೆ ಹಾಸಿಗೆ ಹಿಡಿದಿದ್ದಾರೆ, ಮಗು ಇನ್ನೂ ಚಿಕ್ಕದು, ವಾರಕ್ಕೊಂದು ಪುಟ ಬರೆಯುವುದೂ ಕಷ್ಟ ಎಂದಿದ್ದೀಯ. ಸಂಸಾರದಲ್ಲಿ ಮುಳುಗಿದವರಿಗೆ ಬರವಣಿಗೆ ಆಗಿ ಬರೋದೇ ಇಲ್ವಾ ಎಂದು ಕೇಳಿದ್ದೀಯ. ಎರಡು ತಿಂಗಳ ಮಟ್ಟಿಗೆ ಬೇರೆ ಊರಲ್ಲಿ ರೂಮು ಮಾಡಿಕೊಂಡು ಬರೆಯಲಾ ಅಂತಲೂ ಕೇಳಿದ್ದೀಯ.

ನಿನ್ನ ಪ್ರಶ್ನೆ ಓದಿದ ಕೂಡಲೇ ನನಗೆ ಕಾದಂಬರಿಗಾರ್ತಿ ಎಂ. ಕೆ. ಇಂದಿರಾ ನೆನಪಾದರು. ಮೊದಲು ಅವರ ವಿಷಯ ಹೇಳುತ್ತೇನೆ.

ಇಂದಿರಾ ಹುಟ್ಟಿದ್ದು 1917ರಲ್ಲಿ, ತೀರ್ಥಹಳ್ಳಿಯಲ್ಲಿ. ಸ್ಕೂಲಿಗೆ ಹೋಗಿದ್ದು ಏಳು ವರ್ಷ. ಹನ್ನೆರಡಕ್ಕೆ ಮದುವೆ. ಆಮೇಲೆ ಮನೆ, ಮಕ್ಕಳು, ಬರುವವರು ಹೋಗುವವರು. ಆಗಿನ ಮಲೆನಾಡಿನ ಮನೆ ಅಂದರೆ ಏನು ಅಂತ ನಿನಗೆ ಗೊತ್ತಲ್ಲ. ಬೆಳಿಗ್ಗೆ ಹಚ್ಚಿದ ಒಲೆ ರಾತ್ರಿಯವರೆಗೂ ಆರುತ್ತಿರಲಿಲ್ಲ. ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ. ಆಗ ಅವರಿಗೆ ನಲವತ್ತೈದು ದಾಟಿತ್ತು. ಮೊದಲ ಕಾದಂಬರಿಗೇ ರಾಜ್ಯ ಸಾಹಿತ್ಯ ಅಕಾಡೆಮಿ ಬಹುಮಾನ. 1994ರಲ್ಲಿ ತೀರಿಕೊಳ್ಳುವವರೆಗೂ ಓದುಗರು ಅವರನ್ನು ಮನೆಯ ಹಿರಿಯಳಂತೆ ಕಂಡರು.

ಈ ಕಥೆಯನ್ನು ನಿನಗೆ ಬೇರೆಯವರೂ ಹೇಳಿರಬಹುದು. ಹೇಳಿ, "ನೋಡು, ಅವರು ಸಂಸಾರ ಎಲ್ಲ ಮುಗಿಸಿ ಆಮೇಲೆ ಬರೆದರು, ನೀನೂ ಕಾಯಿ" ಅಂತಲೂ ಅಂದಿರಬಹುದು. ಆ ಮಾತು ಕೇಳಬೇಡ. ಅಷ್ಟು ವರ್ಷ ಅವರು ಬರೆಯದೇ ಹೋದದ್ದರಲ್ಲಿ ಹೊಗಳುವಂಥದ್ದು ಏನೂ ಇಲ್ಲ. ಅದು ನಷ್ಟ. ಅವರಿಗೂ ನಷ್ಟ, ನಮಗೂ ನಷ್ಟ. ಮೂವತ್ತರಲ್ಲಿ ಅವರು ಬರೆಯಬಹುದಾಗಿದ್ದ ಪುಸ್ತಕಗಳು ಎಲ್ಲಿವೆ? ಯಾರ ಹತ್ತಿರವೂ ಇಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನೊಂದು ವಿಷಯ. ಬರೆಯಿರಿ ಎಂದು ಇಂದಿರಾ ಅವರ ಬೆನ್ನು ತಟ್ಟಿದವರು ತ್ರಿವೇಣಿ. ವಯಸ್ಸಿನಲ್ಲಿ ಹನ್ನೊಂದು ವರ್ಷ ಚಿಕ್ಕವರು, ಬರವಣಿಗೆಯಲ್ಲಿ ಹಿರಿಯರು. 'ತುಂಗಭದ್ರ' ಬಂದ ಅದೇ 1963ರಲ್ಲಿ ತ್ರಿವೇಣಿ ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡರು. ಇನ್ನೂ ಮೂವತ್ತೈದು ತುಂಬಿರಲಿಲ್ಲ. ಒಬ್ಬರ ಕೈ ನಿಂತ ವರ್ಷವೇ ಇನ್ನೊಬ್ಬರ ಕೈ ಶುರುವಾಯಿತು. ನಿನಗೂ ಅಂಥ ಒಬ್ಬ ಗೆಳತಿ ಬೇಕು. ಸುಮ್ನೆ ಚೆನ್ನಾಗಿದೆ ಅನ್ನುವವರು ಬೇಡ. ಮುಂದಿನ ಅಧ್ಯಾಯ ಎಲ್ಲಿ ಅಂತ ಬೆನ್ನು ಹತ್ತುವವರು ಬೇಕು. ಸದ್ಯಕ್ಕೆ ಆ ಕೆಲಸ ನಾನು ಮಾಡುತ್ತೇನೆ.

ಈಗ ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯ ವಿಷಯಕ್ಕೆ ಬರುತ್ತೇನೆ. ನೀನು ಓದಿದ್ದೀಯ ಅಂದುಕೊಂಡಿದ್ದೇನೆ. ಬಾಲ್ಯದಲ್ಲೇ ಮದುವೆ, ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಊರವರ ಬಾಣಂತನ ಮಾಡಿಕೊಂಡು ನೂರು ವರ್ಷ ದಾಟಿ ಬದುಕಿದ ಹೆಂಗಸಿನ ಕಥೆ. ಇಂದಿರಾ ಚಿಕ್ಕಂದಿನಲ್ಲಿ ಕಣ್ಣಾರೆ ಕಂಡವರು ಆಕೆ. ಆಕೆ ತನ್ನ ಬದುಕನ್ನು ಹೇಳಿಕೊಂಡದ್ದು ಇಂದಿರಾ ಅವರ ತಾಯಿಯ ಹತ್ತಿರ. ಎದುರಿಗೆ ಪೆನ್ನು ಹಿಡಿದು ಕೂತವರು ಯಾರೂ ಇರಲಿಲ್ಲ. ಇಬ್ಬರು ಹೆಂಗಸರು ಮನೆಯೊಳಗೆ ಆಡಿಕೊಂಡ ಮಾತು, ಅಷ್ಟೇ. ಅದು ಪುಸ್ತಕವಾದದ್ದು 1976ರಲ್ಲಿ. ಆಮೇಲೆ ಪ್ರೇಮಾ ಕಾರಂತ್ ಸಿನಿಮಾ ಮಾಡಿದರು, ಇಂಗ್ಲಿಷಿಗೂ ಹೋಯಿತು. ಇಷ್ಟಕ್ಕೆಲ್ಲ ಮೂಲ ಯಾವುದೋ ಒಂದು ದಿನ ಒಬ್ಬ ಮಡಿ ಹೆಂಗಸು ಬಾಯಿ ಬಿಟ್ಟದ್ದು, ಇನ್ನೊಬ್ಬಾಕೆ ಕೇಳಿಸಿಕೊಂಡದ್ದು.

ಆ ಕಾದಂಬರಿಯಲ್ಲಿ ದಾಕ್ಷಾಯಿಣಿ ಎಂಬ ಹುಡುಗಿ ಬರುತ್ತಾಳೆ. ಗಂಡ ಸತ್ತ ಮೇಲೆ ಅವಳು ತಲೆ ಬೋಳಿಸಿಕೊಳ್ಳಲು ಒಪ್ಪುವುದಿಲ್ಲ. ಮಡಿಯಲ್ಲೇ ಜೀವನ ಸವೆಸಿದ ಫಣಿಯಮ್ಮ ಅವಳ ಪರ ನಿಲ್ಲುತ್ತಾಳೆ. ಅಲ್ಲಿ ಭಾಷಣ ಇಲ್ಲ, ಕೂಗಾಟ ಇಲ್ಲ. ಆ ಭಾಗ ಓದುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಇಂದಿರಾ ತಮ್ಮ ಜನರನ್ನು ಪ್ರೀತಿಸಿದರು, ಆ ಜನ ಮಾಡಿದ ತಪ್ಪನ್ನೂ ಬರೆದರು. ಎರಡನ್ನೂ ಒಟ್ಟಿಗೆ ಮಾಡುವುದು ಬಹಳ ಕಷ್ಟ ಮಗಳೇ. ನನಗೆ ಅದು ಬಂದಿರಲಿಲ್ಲ.

ನನ್ನ ಮೊದಮೊದಲ ಕಥೆಗಳಲ್ಲಿ ಒಂದನ್ನು ನಮ್ಮ ಚಿಕ್ಕಮ್ಮನ ಮೇಲೆ ಬರೆದೆ. ಗಂಡನ ಮನೆ ಬಿಟ್ಟು ತವರಿಗೆ ಬಂದವರು. ನನಗೆ ತಲೆ ಬಾಚುತ್ತಾ ಎಲ್ಲ ಹೇಳುತ್ತಿದ್ದರು. ಹೆಸರೊಂದನ್ನು ಬದಲಾಯಿಸಿದೆ. ಹಿತ್ತಿಲಿನ ಪೇರಳೆ ಮರ, ಅವರ ಕಾಲಿನ ಕುಂಟು, ಎಲ್ಲ ಹಾಗೇ ಬಿಟ್ಟೆ. ಊರವರಿಗೆ ಗುರುತು ಸಿಕ್ಕಲು ಎರಡು ದಿನ ಬೇಕಾಗಲಿಲ್ಲ. ಚಿಕ್ಕಮ್ಮ ಬೈಯಲಿಲ್ಲ. ಮುಂದಿನ ಸಲ ಹೋದಾಗ ಕಾಫಿ ಕೊಟ್ಟರು, ಊಟ ಹಾಕಿದರು. ಕಥೆ ಮಾತ್ರ ಹೇಳಲಿಲ್ಲ. ಕೊನೆಯವರೆಗೂ ಹೇಳಲಿಲ್ಲ. ಬರೆಯುವ ಮುಂಚೆ ಒಂದು ಮಾತು ಕೇಳಿದ್ದರೆ ಏನನ್ನುತ್ತಿದ್ದರೋ. ಬರಿ ಅನ್ನುತ್ತಿದ್ದರೋ ಏನೋ. ಅಷ್ಟು ಕೇಳುವ ಬುದ್ಧಿ ನನಗೆ ಆಗ ಬರಲಿಲ್ಲ.

ಹಾಗಾಗಿ ಮನೆಯವರ ಬದುಕನ್ನು ಬರೆಯುವ ಮುಂಚೆ ಅವರ ಹತ್ತಿರ ಕೂತು ಕೇಳು. ಬೇಡ ಅಂದರೆ ಆ ಕಥೆಯನ್ನು ಎತ್ತಿಡು. ಬರೆದರೆ ಅವರಿಗೇ ಓದಿ ಹೇಳು. ನಮ್ಮ ಹೆಂಗಸರಲ್ಲಿ ಎಷ್ಟೋ ಜನರಿಗೆ ತಮ್ಮ ಕಥೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳುವ ಸುಖ ಒಮ್ಮೆಯೂ ಸಿಕ್ಕಿಲ್ಲ.

ರೂಮಿನ ವಿಷಯ. ಬೇಕು ಅನಿಸಿದರೆ ಹೋಗು, ತಪ್ಪೇನಿಲ್ಲ. ಆದರೆ ಅದಕ್ಕಿಂತ ಮೊದಲು ಗಂಡನ ಹತ್ತಿರ ಕೂತು ಮಾತಾಡು. ದಿನಕ್ಕೆ ಒಂದು ಗಂಟೆ ಮಗುವನ್ನೂ ಅಮ್ಮನನ್ನೂ ಅವನು ನೋಡಿಕೊಳ್ಳಲಿ. ಅವರು ಅವನ ಅಮ್ಮ ಅಲ್ವಾ? ಇದನ್ನು ನಾಚಿಕೆ ಬಿಟ್ಟು ಕೇಳಬೇಕು. ನಾನು ಕೇಳಲು ಹದಿನೈದು ವರ್ಷ ತೆಗೆದುಕೊಂಡೆ.

ಇನ್ನು ನಿನ್ನ ಪತ್ರದ ಕೊನೆಯ ಸಾಲು. ಅತ್ತೆ ರಾತ್ರಿಯೆಲ್ಲ ನಿದ್ದೆ ಮಾಡದೆ ಮುಳುಗಿ ಹೋದ ಊರಿನ ಮಾತು ಆಡ್ತಾರೆ, ಅದರಿಂದ ನಿನಗೂ ನಿದ್ದೆ ಇಲ್ಲ ಅಂದಿದ್ದೀಯ. ದೂರು ಹೇಳಿದ ಹಾಗೆ ಬರೆದು ಪತ್ರ ಮುಗಿಸಿಬಿಟ್ಟಿದ್ದೀಯ. ನಾನು ಅಲ್ಲೇ ನಿಂತೆ. ಶರಾವತಿ ಕಣಿವೆಯ ಊರುಗಳನ್ನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ನಿನ್ನ ಅತ್ತೆ ಇನ್ನೂ ಹುಡುಗಿ ಇರಬೇಕು. ಶರಾವತಿಯ ನೀರು ಏರುವುದನ್ನು ನೋಡಿದ ಕಣ್ಣುಗಳು ಈಗ ಎಷ್ಟು ಉಳಿದಿವೆ ಹೇಳು? ಅಡಿಕೆ ತೋಟ ಬಿಟ್ಟು ಬಂದವರು, ದನಗಳನ್ನು ಹೊಡೆದುಕೊಂಡು ಬಂದವರು, ದೇವರನ್ನು ಹೊತ್ತು ತಂದವರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಅದರಲ್ಲಿ ಒಬ್ಬರು ನಿನ್ನ ಪಕ್ಕದ ಕೋಣೆಯಲ್ಲಿ ಮಲಗಿದ್ದಾರೆ.

ಔಷಧಿ ಕೊಡುವಾಗ, ಕಾಲು ಒತ್ತುವಾಗ ಒಂದೊಂದೇ ಕೇಳು. ಮನೆ ಬಿಡುವ ದಿನ ಒಲೆ ಹಚ್ಚಿದ್ದರಾ? ಬಾಗಿಲಿಗೆ ಬೀಗ ಹಾಕಿದರಾ, ಹಾಗೇ ಬಿಟ್ಟರಾ? ಬಾಗಿಲನ್ನೇ ಕಿತ್ತು ತಂದರಾ? ಅವರ ಅಮ್ಮ ಏನಂದರು? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡು. ತಿದ್ದುವುದು ಆಮೇಲೆ.

ಆ ಊರಿನ ಹೆಸರನ್ನು ನೀನು ಬರೆದೇ ಇಲ್ಲ. ಕೇಳಿ ಬರಿ. ಅತ್ತೆಗೆ ನನ್ನ ನಮಸ್ಕಾರ ಹೇಳು.

ನಿನ್ನ
ಅಮ್ಮನಂಥವಳು