ಕಾಡಿನಲ್ಲಿ ಭೂಗೋಳ: ವಿಹಾರ ಸಾಕು, ಕ್ಷೇತ್ರಕಾರ್ಯ ಬೇಕು

ಮಾನ್ಯ ಸಂಪಾದಕರೇ,

ಶಾಲಾ ಮಕ್ಕಳನ್ನು ಕಾಡಿಗೆ ಕರೆದೊಯ್ದ ಸುದ್ದಿಯೂ ಮರಗಳ ಕೆಳಗೆ ಸಾಲಾಗಿ ನಿಂತ ಅವರ ಚಿತ್ರವೂ ಪತ್ರಿಕೆಗಳಲ್ಲಿ ಆಗಾಗ ಪ್ರಕಟವಾಗುತ್ತವೆ. ಸಂತೋಷದ ಸಂಗತಿಯೇ. ಆದರೆ ಆ ಮಕ್ಕಳು ಯಾವ ಪ್ರಶ್ನೆಯನ್ನು ಹಿಡಿದು ಹೋಗಿದ್ದರು, ಅಲ್ಲಿ ಏನನ್ನು ಅಳೆದರು, ಮರಳಿದ ಮೇಲೆ ತರಗತಿಯಲ್ಲಿ ಏನು ಬರೆದರು ಎಂಬ ವಿವರ ಆ ಸುದ್ದಿಗಳಲ್ಲಿ ಅಪರೂಪ. ಪ್ರಶ್ನೆಯೂ ಅಳತೆಯೂ ಇಲ್ಲದೆ ಕಾಡಿನಲ್ಲಿ ಕಳೆದ ದಿನವನ್ನು ಕ್ಷೇತ್ರಕಾರ್ಯವೆಂದು ದಾಖಲಿಸಿ ಪಠ್ಯಕ್ರಮದ ಒಂದು ಖಾನೆಯನ್ನು ತುಂಬಿಬಿಡುವುದು ಸರಿಯಲ್ಲವೆಂದು ಭೂಗೋಳದ ಶಿಕ್ಷಕನಾಗಿ ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಪಠ್ಯಪುಸ್ತಕದಲ್ಲಿ ಮಣ್ಣಿಗೊಂದು ಅಧ್ಯಾಯ, ವಾಯುಗುಣಕ್ಕೊಂದು, ನದಿಗೊಂದು, ಸಸ್ಯವರ್ಗಕ್ಕೆ ಮತ್ತೊಂದು. ಮಕ್ಕಳು ಇವನ್ನು ಬೇರೆ ಬೇರೆ ತಿಂಗಳುಗಳಲ್ಲಿ ಓದಿ, ಬೇರೆ ಬೇರೆ ಪರೀಕ್ಷೆಗಳಲ್ಲಿ ಬರೆದು ಮುಗಿಸುತ್ತಾರೆ. ಆದರೆ ನೆಲದ ಮೇಲೆ ಇವು ಹೀಗೆ ವಿಂಗಡಣೆಗೊಂಡಿರುವುದಿಲ್ಲ. ಇಳಿಜಾರು ಬದಲಾದಂತೆ ಮಣ್ಣಿನ ಆಳ ಬದಲಾಗುತ್ತದೆ, ಮಣ್ಣಿಗೆ ತಕ್ಕಂತೆ ನೀರು ಇಂಗುತ್ತದೆ ಇಲ್ಲವೇ ಹರಿದುಹೋಗುತ್ತದೆ, ನೀರು ನಿಲ್ಲುವ ಕಡೆ ಒಂದು ಬಗೆಯ ಗಿಡ, ಬಸಿದುಹೋಗುವ ಕಡೆ ಇನ್ನೊಂದು ಬಗೆಯ ಗಿಡ ಬೆಳೆಯುತ್ತದೆ, ಆ ಗಿಡಗಳ ನೆರಳು ಮತ್ತೆ ನೆಲದ ಉಷ್ಣತೆಯನ್ನು ತಿದ್ದುತ್ತದೆ. ಈ ಕಾರಣ ಮತ್ತು ಪರಿಣಾಮಗಳು ಕೆಲವು ನೂರು ಹೆಜ್ಜೆಗಳೊಳಗೆ ಒಟ್ಟಾಗಿ ಕಾಣಸಿಗುವುದರಿಂದಲೇ ಕಾಡು ಭೂಗೋಳ ಕಲಿಸಲು ತಕ್ಕ ಸ್ಥಳ. ಹಸಿರು ನೋಡಿ ಮನಸ್ಸು ಅರಳುತ್ತದೆ ಎಂಬುದು ನಿಜವೇ ಇರಬಹುದು, ಆದರೆ ಅದು ಬೇರೆ ವಿಷಯ.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಕೊಡುತ್ತೇನೆ. ಎರಡೂ ಬದಿ ತೆರೆದ ಒಂದು ತಗಡಿನ ಡಬ್ಬಿಯನ್ನು ಮರದಡಿಯ ನೆಲಕ್ಕೆ ಒಂದೆರಡು ಬೆರಳು ಆಳ ಒತ್ತಿ, ಅದಕ್ಕೆ ಅಳೆದ ನೀರನ್ನು ಸುರಿದು, ಪೂರ್ತಿ ಇಂಗಲು ಎಷ್ಟು ಹೊತ್ತು ಬೇಕಾಯಿತೆಂದು ಬರೆದುಕೊಳ್ಳಬೇಕು. ಅದೇ ಡಬ್ಬಿ, ಅಷ್ಟೇ ನೀರು, ಜನ ಓಡಾಡಿ ಗಟ್ಟಿಯಾದ ಕಾಲುದಾರಿಯಲ್ಲಿ ಮತ್ತೊಮ್ಮೆ. ತರಗೆಲೆ ಕೊಳೆತು, ಬೇರು ಮತ್ತು ಎರೆಹುಳುಗಳು ಸಡಿಲಗೊಳಿಸಿದ ಮಣ್ಣಿನಲ್ಲಿ ಸಾಮಾನ್ಯವಾಗಿ ನೀರು ಬೇಗ ಇಳಿಯುತ್ತದೆ. ತುಳಿದು ಗಟ್ಟಿಯಾದ ದಾರಿಯಲ್ಲಿ ಬಹಳ ಹೊತ್ತು ನಿಂತಿರುತ್ತದೆ. ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದ ವಿದ್ಯಾರ್ಥಿಗೆ ಮಳೆನೀರು ಎಲ್ಲಿ ಇಂಗುತ್ತದೆ, ಎಲ್ಲಿ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ, ಕಾಡು ಕಡಿದ ಗುಡ್ಡದ ಕೆಳಗಿನ ಹಳ್ಳ ಮಳೆ ಬಿದ್ದ ಕೂಡಲೇ ಏಕೆ ಉಕ್ಕುತ್ತದೆ ಎಂಬುದನ್ನು ಹೊಸದಾಗಿ ಬಾಯಿಪಾಠ ಮಾಡಿಸಬೇಕಾಗಿಲ್ಲ. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆಯನ್ನೂ ಹೀಗೆಯೇ ಪರೀಕ್ಷಿಸಬಹುದು: ಬಯಲಿನಲ್ಲೊಂದು, ಮರದಡಿಯಲ್ಲೊಂದು ಒಂದೇ ಅಳತೆಯ ಪಾತ್ರೆಯಿಟ್ಟರೆ, ಎಲೆಗಳು ಎಷ್ಟು ಮಳೆಯನ್ನು ತಡೆದುಕೊಂಡವು, ಅದರಲ್ಲಿ ಎಷ್ಟು ತಡವಾಗಿ ನೆಲ ಸೇರಿತು ಎಂಬ ಅಂದಾಜು ಸಿಗುತ್ತದೆ.

ನಕಾಶೆಯ ಪಾಠಕ್ಕೂ ಕಾಡಿನ ಇಳಿಜಾರು ಒಳ್ಳೆಯ ಗುರು. ಮೂವತ್ತು ಡಿಗ್ರಿ ಇಳಿಜಾರಿನಲ್ಲಿ ಟೇಪು ಹಿಡಿದು 100 ಮೀಟರ್ ಅಳೆದರೆ, ನಕಾಶೆಯಲ್ಲಿ ಆ ದೂರ ಸುಮಾರು 87 ಮೀಟರ್ ಮಾತ್ರ, ಏಕೆಂದರೆ ನಕಾಶೆ ತೋರಿಸುವುದು ಸಮತಲದ ದೂರವನ್ನು. ನಕಾಶೆಯಲ್ಲಿ ಒಂದೇ ಎತ್ತರದ ಸ್ಥಳಗಳನ್ನು ಸೇರಿಸುವ ಸಮೋನ್ನತಿ ರೇಖೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು ಎಂದು ನೂರು ಸಲ ಹೇಳಿಸಿಕೊಂಡ ಮಗುವಿಗೆ, ಆ ರೇಖೆಗಳನ್ನು ಅಡ್ಡಲಾಗಿ ದಾಟಿ ಹತ್ತಿದಾಗ ಏದುಸಿರು ಬಂದು, ಅದೇ ರೇಖೆಯ ಗುಂಟ ನಡೆದಾಗ ಏರೂ ಇಲ್ಲ, ಇಳಿತವೂ ಇಲ್ಲ ಎಂದು ಕಾಲಿಗೇ ಗೊತ್ತಾಗುತ್ತದೆ. ಮರದ ಎತ್ತರವನ್ನು ಕೋನಮಾಪಕ ಮತ್ತು ದಾರಕ್ಕೆ ಕಟ್ಟಿದ ಕಲ್ಲಿನಿಂದ ಅಳೆಯಬಹುದು: ಸಮತಟ್ಟು ನೆಲದಲ್ಲಿ ತುದಿ 45 ಡಿಗ್ರಿಯಲ್ಲಿ ಕಾಣುವಷ್ಟು ಹಿಂದೆ ಸರಿದರೆ, ಬುಡದವರೆಗಿನ ದೂರಕ್ಕೆ ನೋಡುವವನ ಕಣ್ಣಿನ ಎತ್ತರ ಸೇರಿಸಿದರೆ ಸಾಕು. ದಟ್ಟ ಕಾಡಿನಲ್ಲಿ ಹಿಂದೆ ಸರಿದಷ್ಟೂ ತುದಿಯೇ ಮರೆಯಾಗುವುದು ಇದರಲ್ಲಿನ ತಮಾಷೆ.

ಹೀಗೆ ಅಳೆದಾಗ ಗುಂಪಿನಿಂದ ಗುಂಪಿಗೆ ಅಂಕಿಗಳು ಹೊಂದುವುದಿಲ್ಲ. ಇದನ್ನು ಕೊರತೆಯೆಂದು ಮುಚ್ಚಿ, ಎಲ್ಲರಿಂದಲೂ ಒಂದೇ ಉತ್ತರ ಬರೆಸುವ ಶಿಕ್ಷಕರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ದಿನದ ಅತ್ಯಂತ ಬೆಲೆಯುಳ್ಳ ಪಾಠ ಅಲ್ಲೇ ಇದೆ. ಒಂದು ಗುಂಪು ಉಷ್ಣಮಾಪಕವನ್ನು ಬಿಸಿಲಿಗೆ ಹಿಡಿದಿತ್ತೇ? ನೀರಿನ ವೇಗ ಅಳೆಯಲು ತೊರೆಯಲ್ಲಿ ತೇಲಿಬಿಟ್ಟ ಕಡ್ಡಿ ದಡದ ಬೇರಿಗೆ ಸಿಕ್ಕಿಕೊಂಡಿತ್ತೇ? ಮೇಲ್ಮೈ ನೀರು ತಳದ ನೀರಿಗಿಂತ ವೇಗವಾಗಿ ಹರಿಯುವುದರಿಂದ, ಕಡ್ಡಿಯ ವೇಗವನ್ನು ಸುಮಾರು 0.85ರಿಂದ ಗುಣಿಸಿ ಸರಾಸರಿ ವೇಗ ತೆಗೆಯಬೇಕೆಂಬುದನ್ನು ಮರೆತರೇ? ಈ ಚರ್ಚೆಗೆ ಮರುದಿನ ಎರಡು ತರಗತಿ ಅವಧಿಗಳನ್ನು ಮೀಸಲಿಡದಿದ್ದರೆ ಕಾಡಿಗೆ ಹೋದ ಶ್ರಮದಲ್ಲಿ ಅರ್ಧ ವ್ಯರ್ಥ.

ಇದು ಹೊಸ ಕ್ರಮವೇನಲ್ಲ. 1802ರಲ್ಲಿ ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಸಾಲಿನ ಚಿಂಬೊರಾಜೊವನ್ನು ಹತ್ತಿದಾಗ ಜತೆಗೆ ವಾಯುಭಾರಮಾಪಕವನ್ನೂ ಉಷ್ಣಮಾಪಕವನ್ನೂ ಒಯ್ದಿದ್ದರು. ಶಿಖರ ಮುಟ್ಟಲಾಗಲಿಲ್ಲ, ಆದರೆ ಆ ಪ್ರವಾಸದ ಅಳತೆಗಳಿಂದ, ಎತ್ತರಕ್ಕೆ ತಕ್ಕಂತೆ ಸಸ್ಯಗಳು ಹೇಗೆ ಬದಲಾಗುತ್ತವೆ ಎಂಬುದನ್ನು ಒಂದೇ ಚಿತ್ರದಲ್ಲಿ ತೋರಿಸಿದರು. ಬ್ರಿಟನ್ನಿನಲ್ಲಿ ವಿದ್ಯಾರ್ಥಿಗಳ ಕ್ಷೇತ್ರ ಅಧ್ಯಯನಕ್ಕೆಂದೇ 1943ರಲ್ಲಿ, ಅಂದರೆ ಯುದ್ಧದ ನಡುವೆಯೇ, ಒಂದು ಸಂಸ್ಥೆ ಹುಟ್ಟಿತು. ಅದು ಇಂದಿಗೂ ಫೀಲ್ಡ್ ಸ್ಟಡೀಸ್ ಕೌನ್ಸಿಲ್ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದೆ. ಇಂಗ್ಲೆಂಡಿನಲ್ಲಿ ಹದಿನಾರರ ವಯಸ್ಸಿನ ಭೂಗೋಳ ಪರೀಕ್ಷೆಗೆ ಕೂರುವವರು ಶಾಲೆಯ ಆವರಣದ ಹೊರಗೆ ಕನಿಷ್ಠ ಎರಡು ಬಾರಿ ಕ್ಷೇತ್ರಕಾರ್ಯ ಮಾಡಿರಬೇಕೆಂಬ ನಿಯಮವಿದ್ದು, ಲಿಖಿತ ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆಗಳೂ ಬರುತ್ತವೆ. ಪರೀಕ್ಷೆಗೆ ಬಂದರೆ ಮಾತ್ರ ಶಾಲೆಗಳು ಗಂಭೀರವಾಗುತ್ತವೆ ಎಂಬುದು ಹೆಮ್ಮೆಯ ಮಾತಲ್ಲವಾದರೂ ವಾಸ್ತವ.

ಆಕ್ಷೇಪಗಳಿವೆ, ಅವು ಹುರುಳಿಲ್ಲದವೂ ಅಲ್ಲ. ಕಾಡಿನಲ್ಲಿ ಹಾವು, ಹುಳ, ಜಾರುವ ಬಂಡೆ, ದಿಢೀರ್ ಏರುವ ತೊರೆ ಎಲ್ಲವೂ ಇರುತ್ತವೆ. ಆದ್ದರಿಂದಲೇ ಶಿಕ್ಷಕರು ಮೊದಲೇ ಒಮ್ಮೆ ಆ ದಾರಿಯಲ್ಲಿ ನಡೆದು ಬರಬೇಕು, ಅರಣ್ಯಾಧಿಕಾರಿಗಳ ಅನುಮತಿ ಪಡೆಯಬೇಕು, ಪ್ರತಿ ಸಣ್ಣ ಗುಂಪಿಗೂ ಒಬ್ಬ ಹಿರಿಯರಿರಬೇಕು, ಮೇಲ್ಗಡೆ ಮಳೆಯಾಗುತ್ತಿದ್ದರೆ ತೊರೆಯ ಕೆಲಸವನ್ನು ಕೈಬಿಡಬೇಕು. ನಡೆಯಲು ಕಷ್ಟವಿರುವ ಮಗುವಿಗೆ ಟಿಪ್ಪಣಿ ಬರೆಯುವ ಕೆಲಸ ಕೊಟ್ಟು ಒಂದೆಡೆ ಕೂರಿಸುವ ಬದಲು, ಎಲ್ಲರೂ ಹೋಗಬಲ್ಲ ಕಾಡಂಚನ್ನೇ ಆರಿಸಿಕೊಳ್ಳುವುದು ಉತ್ತಮ. ಇಂಗುವಿಕೆ, ಉಷ್ಣತೆ, ನೆರಳುಗಳ ಹೋಲಿಕೆಗೆ ಬೇಕಾದದ್ದು ಆ ಅಂಚೇ. ದಟ್ಟಾರಣ್ಯದ ನಡುವೆ ನುಗ್ಗಬೇಕಾದ ಅಗತ್ಯವಿಲ್ಲ. ನಲವತ್ತು ಮಕ್ಕಳ ಎಂಬತ್ತು ಕಾಲುಗಳು ಒಂದೇ ಜಾಗವನ್ನು ತುಳಿದರೆ ಅಳೆಯಬೇಕಾದ ಮಣ್ಣೇ ಕೆಡುತ್ತದೆ ಎಂಬುದನ್ನೂ ನೆನಪಿಡಬೇಕು.

ಕಾಡನ್ನು ಮನುಷ್ಯನಿಲ್ಲದ ತಾಣವೆಂದು ಮಕ್ಕಳಿಗೆ ತೋರಿಸುವುದು ಕೂಡ ತಪ್ಪು ಪಾಠ. ಕಡಿದ ಮರದ ಕೊರಡು, ದನ ಮೇಯ್ದ ಗುರುತು, ಬೆಂಕಿ ಹರಡದಂತೆ ಸವರಿದ ಪಟ್ಟಿ, ನೆಟ್ಟು ಬೆಳೆಸಿದ ಒಂದೇ ಜಾತಿಯ ಮರಗಳ ನೇರ ಸಾಲು, ಇವೆಲ್ಲ ಮಾನವ ಭೂಗೋಳದ ದಾಖಲೆಗಳೇ. ಕಾಡಿನಲ್ಲಿ ಬದುಕುವವರನ್ನೂ ಅಲ್ಲಿ ಕೆಲಸ ಮಾಡುವವರನ್ನೂ ಮಕ್ಕಳು ಮಾತನಾಡಿಸಿದರೆ, ಯಾವ ತೊರೆ ಯಾವ ತಿಂಗಳಲ್ಲಿ ಬತ್ತುತ್ತದೆ ಎಂಬಂಥ, ಯಾವ ನಕಾಶೆಯೂ ಹೇಳದ ವಿವರ ದೊರೆಯುತ್ತದೆ.

ಪಠ್ಯಕ್ರಮ ರೂಪಿಸುವವರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಪ್ರೌಢಶಾಲೆಯ ಭೂಗೋಳದಲ್ಲಿ ವರ್ಷಕ್ಕೆ ಒಂದು ದಿನವಾದರೂ, ಮೊದಲೇ ಬರೆದುಕೊಂಡ ಒಂದೇ ಪ್ರಶ್ನೆಯೊಂದಿಗೆ, ಹೊರಗೆ ಅಳೆಯುವ ಕೆಲಸ ಕಡ್ಡಾಯವಾಗಲಿ. ವಿದ್ಯಾರ್ಥಿಯ ಕ್ಷೇತ್ರ ಪುಸ್ತಕಕ್ಕೆ ಅಂಕ ಸಿಗಲಿ, ಆ ಅಂಕ ಉತ್ತರದ ನಿಖರತೆಗಿಂತ ಅಳೆದ ಕ್ರಮಕ್ಕೂ ದೋಷವನ್ನು ಗುರುತಿಸಿದ್ದಕ್ಕೂ ಹೆಚ್ಚು ಸಲ್ಲಲಿ. ಇದಕ್ಕೆ ಮುಂಚೆ ಶಿಕ್ಷಕರಿಗೆ ತರಬೇತಿ ಬೇಕು. ಆ ತರಬೇತಿಯಲ್ಲಿ ಅವರೂ ಒಮ್ಮೆ ಟೇಪು, ದಿಕ್ಸೂಚಿ ಹಿಡಿದು ಇಳಿಜಾರು ಹತ್ತಿ, ತಮ್ಮ ಅಂಕಿಗಳು ಪಕ್ಕದ ಗುಂಪಿನ ಅಂಕಿಗಳಿಗೆ ಏಕೆ ಹೊಂದಲಿಲ್ಲವೆಂದು ವಿವರಿಸುವಂತಾಗಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಭೂಗೋಳ ಶಿಕ್ಷಕ